ಸೈರಣೆಯಿಂದ ಸ್ನೇಹಕ್ಕೆ: ಜಪಾನಿನ ‘ಹೊರಗಿನವರು’ ಮತ್ತು ನಮ್ಮ ‘ಪರದೇಶಿ’ಗಳು

ಮಲ್ಲೇಶ್ವರದ ಮನೆಗಳಲ್ಲಿ ಈಚೆಗೆ ಅಮೆರಿಕದ ಮಾತಿನಷ್ಟೇ ಸಹಜವಾಗಿ ಜಪಾನಿನ ಮಾತೂ ಕೇಳಿಬರುತ್ತದೆ. ಮಗ ಟೋಕಿಯೊದಲ್ಲಿದ್ದಾನೆ, ಮಗಳು ಅಳಿಯ ಯೊಕೊಹಾಮಾದಲ್ಲಿದ್ದಾರೆ ಎಂಬ ಕುಟುಂಬಗಳು ನಮ್ಮ ಅಡ್ಡರಸ್ತೆಗಳಲ್ಲಿ ಈಗ ಅಪರೂಪವಲ್ಲ. ಅಲ್ಲಿ ಕೆಲವು ವರ್ಷ ಇದ್ದು ಮರಳಿದವರ ಅಭಿಪ್ರಾಯಗಳಲ್ಲಿ ಒಂದು ವಿಚಿತ್ರ ಏಕರೂಪತೆಯಿದೆ. ರೈಲು ಕ್ಷಣ ತಪ್ಪುವುದಿಲ್ಲ, ಮರೆತು ಬಂದ ಕೊಡೆ ಮರಳಿ ಸಿಗುತ್ತದೆ, ಯಾರೂ ದನಿಯೇರಿಸಿ ಮಾತನಾಡುವುದಿಲ್ಲ. ಆದರೆ ಎಂಟು ವರ್ಷ ಇದ್ದರೂ ಒಬ್ಬ ಜಪಾನೀಯನ ಮನೆಯೊಳಗೆ ಕಾಲಿಡಲಿಲ್ಲ, ಒಬ್ಬ ಸ್ನೇಹಿತ ಸಿಗಲಿಲ್ಲ. ಇಷ್ಟು ಹೇಳಿ, ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಇನ್ನೊಂದು ವಾಕ್ಯ ತಪ್ಪದೆ ಬರುತ್ತದೆ: “ನಮ್ಮವರು ಹಾಗಲ್ಲ, ನೋಡಿ.”

ನನ್ನ ತಕರಾರು ಇರುವುದು ಈ ಕೊನೆಯ ವಾಕ್ಯದ ಬಗ್ಗೆ. ಜಪಾನಿನಲ್ಲಿ ನೆಲೆಸಿದ ಹೊರನಾಡಿಗರ ಏಕಾಂತದ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಬೇರೆ ಬೇರೆ ದೇಶಗಳವರು, ಬೇರೆ ಬೇರೆ ಕಾಲದಲ್ಲಿ, ಸರಿಸುಮಾರು ಅದನ್ನೇ ಹೇಳಿದ್ದಾರೆ. ಆದರೆ ಅದನ್ನು ಜಪಾನೀಯರ ಸ್ವಭಾವವೆಂದು ಬಗೆದು, ಅದಕ್ಕೆ ಪ್ರತಿಯಾಗಿ ನಮ್ಮನ್ನು ನಿಲ್ಲಿಸಿಕೊಳ್ಳುವುದು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪರೀಕ್ಷಿಸದೆ ಬಿಡಬಾರದ ಮಾತು. ಪರೀಕ್ಷೆಯನ್ನು ಪದಗಳಿಂದಲೇ ಆರಂಭಿಸಬಹುದು.

ಜಪಾನೀ ಭಾಷೆಯಲ್ಲಿ ವಿದೇಶೀಯನಿಗೆ ‘ಗಾಯ್ಕೊಕುಜಿನ್’ ಎನ್ನುತ್ತಾರೆ. ‘ಗಾಯ್’ ಎಂದರೆ ಹೊರಗು, ‘ಕೊಕು’ ಎಂದರೆ ನಾಡು, ‘ಜಿನ್’ ಎಂದರೆ ಮನುಷ್ಯ. ಆಡುಮಾತಿನಲ್ಲಿ ನಡುವಿನ ‘ನಾಡು’ ಬಿದ್ದುಹೋಗಿ ‘ಗಾಯ್ಜಿನ್’, ಅಂದರೆ ಬರಿಯ ‘ಹೊರಗಿನವ’ ಆಗುತ್ತಾನೆ. ಈ ಪದ ಅಲ್ಲಿ ನೆಲೆಸಿದ ಅನೇಕರನ್ನು ನೋಯಿಸುತ್ತದೆ. ಅದರ ಹಿಂದೆ ‘ಉಚಿ’ ಮತ್ತು ‘ಸೊತೊ’, ಒಳಗು ಮತ್ತು ಹೊರಗು, ಎಂಬ ವಿಂಗಡಣೆಯಿದೆ. ‘ಉಚಿ’ ಎಂದರೆ ಮನೆಯೂ ಹೌದು. ಒಳಗಿನವರೊಡನೆ ಒಂದು ಬಗೆಯ ಕ್ರಿಯಾಪದ, ಹೊರಗಿನವರೊಡನೆ ಇನ್ನೊಂದು ಬಗೆಯದು. ಹೀಗೆ ಸಮಾಜದ ಗೆರೆ ವ್ಯಾಕರಣದೊಳಗೇ ಎಳೆಯಲ್ಪಟ್ಟಿದೆ.

ಇದನ್ನು ಕೇಳಿ ಹುಬ್ಬೇರಿಸುವ ಮುನ್ನ ಕನ್ನಡದ ‘ಪರದೇಶಿ’ಯನ್ನು ನೋಡಬೇಕು. ಪದದ ಅರ್ಥ ಬೇರೆ ದೇಶದವನು ಎಂದಷ್ಟೇ. ಆದರೆ ನಮ್ಮ ಆಡುಮಾತಿನಲ್ಲಿ ಪರದೇಶಿಯೆಂದರೆ ದಿಕ್ಕಿಲ್ಲದವನು, ಅನಾಥ, ಹೇಳುವವರು ಕೇಳುವವರು ಇಲ್ಲದವನು. “ನನ್ನನ್ನು ಪರದೇಶಿ ಮಾಡಿ ಹೋದೆಯಲ್ಲ” ಎಂದು ಸಾವಿನ ಮನೆಯಲ್ಲಿ ಅಳುವವರು ವಿದೇಶ ಪ್ರಯಾಣದ ಮಾತಾಡುತ್ತಿರುವುದಿಲ್ಲ. ಜಪಾನೀ ಪದ ಹೊರಗಿನವನನ್ನು ಹೊರಗಿನವನೆಂದು ಕರೆದು ಸುಮ್ಮನಾಗುತ್ತದೆ. ನಮ್ಮ ಪದ ಅವನಿಗೆ ಬಂಧುಗಳಿಲ್ಲ ಎಂಬ ತೀರ್ಪನ್ನೂ ಸೇರಿಸಿಬಿಡುತ್ತದೆ. ಕುಲ, ಊರು, ನಂಟುಗಳಿಂದಲೇ ಮನುಷ್ಯನನ್ನು ಗುರುತಿಸುವ ಸಮಾಜದಲ್ಲಿ ಅವು ತಿಳಿಯದವನು ಇಲ್ಲದವನಿಗೆ ಸಮ. ‘ಪರಂಗಿ’ಯ ಕಥೆಯೂ ಹಾಗೆಯೇ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದ ಹಣ್ಣು ನಮ್ಮ ಹಿತ್ತಲಲ್ಲಿ ನಾಲ್ಕು ಶತಮಾನ ಬೆಳೆದರೂ ಬಹುಪಾಲು ಜನರ ಬಾಯಲ್ಲಿ ಇನ್ನೂ ಪರಂಗಿಹಣ್ಣೇ. (ಜಪಾನೀಯರ ಸಿಹಿಗುಂಬಳ ‘ಕಬೋಚಾ’ ಕೂಡ ಕಾಂಬೋಡಿಯಾದ ಹೆಸರನ್ನು ಹೊತ್ತುಕೊಂಡೇ ಇದೆ. ಅದನ್ನು ಅಲ್ಲಿಗೆ ತಂದವರೂ ಪೋರ್ಚುಗೀಸರೇ.)

ಹಾಗಾದರೆ ಕನ್ನಡಕ್ಕೆ ಪರರ ಬಗೆಗೆ ಒಳ್ಳೆಯ ಮಾತೇ ಇಲ್ಲವೆ ಎಂದು ಕೇಳಿದರೆ ಎಲ್ಲರೂ ಕವಿರಾಜಮಾರ್ಗದತ್ತ ಕೈತೋರುತ್ತಾರೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎಂಬ ಒಂಬತ್ತನೆಯ ಶತಮಾನದ ಆ ಮಾತು ಇಂದು ಭಾಷಣಗಳ ಆಸ್ತಿ. ಅದರ ಘನತೆಯಲ್ಲಿ ನನಗೆ ಸಂಶಯವಿಲ್ಲ. ಆದರೆ ಅಲ್ಲಿಯ ಕ್ರಿಯಾಪದ ‘ಸೈರಿಸು’ ಎಂಬುದನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಸೈರಿಸುವುದೆಂದರೆ ತಾಳಿಕೊಳ್ಳುವುದು, ಸಹಿಸುವುದು. ಬಿಸಿಲನ್ನು ಸೈರಿಸುತ್ತೇವೆ, ನೋವನ್ನು ಸೈರಿಸುತ್ತೇವೆ. ಸೈರಿಸಲ್ಪಟ್ಟವನು ನನ್ನ ಎದುರಿನಲ್ಲಿ ಸುರಕ್ಷಿತನಾಗಿರುತ್ತಾನೆ. ನನ್ನ ಪಕ್ಕದಲ್ಲಿ ಕುಳಿತಿರಬೇಕೆಂದಿಲ್ಲ. ಪರಧರ್ಮವನ್ನು ಸೈರಿಸುವ ನಾಡು ಪರನಾಡಿನವನನ್ನು ಗೆಳೆಯನಾಗಿ ಪಡೆಯುತ್ತದೆ ಎಂದು ಕವಿರಾಜಮಾರ್ಗ ಹೇಳಿಲ್ಲ. ಹೇಳಿದೆ ಎಂದು ಭಾವಿಸಿಕೊಂಡಿರುವವರು ನಾವು. ಸೈರಣೆಯ ಅಳತೆಗೋಲಿನಿಂದ ನೋಡಿದರೆ ಜಪಾನು ನಮಗಿಂತ ಹಿಂದೆ ಬೀಳುವುದಿಲ್ಲ. ಅಲ್ಲಿಂದ ಮರಳಿದ ನಮ್ಮವರು ದೂರುತ್ತಿರುವುದೇ ಅದನ್ನು: ಅವರು ನಮ್ಮನ್ನು ತುಂಬ ಚೆನ್ನಾಗಿ ಸೈರಿಸಿಕೊಂಡರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವ ನಾಲ್ಕು ಭಾವನೆಗಳು ಜೈನ ಓದುಗರಿಗೆ ಬಾಯಿಪಾಠ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶದಲ್ಲಿರುವವರಲ್ಲಿ ಕಾರುಣ್ಯ, ಅವಿನೀತರಲ್ಲಿ ಮಾಧ್ಯಸ್ಥ್ಯ. ಈ ಮೈತ್ರಿಯನ್ನು ‘ಸ್ನೇಹ’ ಎಂದು ಅನುವಾದಿಸುವುದು ರೂಢಿ. ಆದರೆ ಶಾಸ್ತ್ರದ ಮೈತ್ರಿಗೆ ಆಯ್ಕೆಯಿಲ್ಲ. ಅದು ಯಾರಿಗೂ ದುಃಖವಾಗದಿರಲಿ ಎಂಬ ಸರ್ವಸಾಧಾರಣ ಹಾರೈಕೆ. ಹಳಗನ್ನಡ ‘ಕೆಳೆ’ ಎನ್ನುವ ಸಂಬಂಧ ಅದಲ್ಲ. ಕೆಳೆಗೆ ಎದುರಿಗೊಬ್ಬ ನಿರ್ದಿಷ್ಟ ಮನುಷ್ಯ ಬೇಕು. ಅಷ್ಟೇ ಅಲ್ಲ, ‘ಸ್ನೇಹ’ಕ್ಕೆ ಅಂಟು, ಎಣ್ಣೆ ಎಂಬ ಅರ್ಥವೂ ಇರುವುದರಿಂದ ನಮ್ಮ ಶಾಸ್ತ್ರಕಾರರು ಅದನ್ನು ರಾಗದ, ಬಂಧದ ಕಡೆಗೇ ಸೇರಿಸುತ್ತಾರೆ. ಮೈತ್ರಿ ಬಿಡಿಸುತ್ತದೆ, ಸ್ನೇಹ ಕಟ್ಟುತ್ತದೆ. ಮುನಿಗೆ ಮೊದಲನೆಯದು ಸಾಕು. ಟೋಕಿಯೊದ ಹತ್ತನೆಯ ಮಹಡಿಯ ಮನೆಯಲ್ಲಿ ಜ್ವರ ಹಿಡಿದು ಮಲಗಿದ ಗೃಹಸ್ಥನಿಗೆ ಎರಡನೆಯದು ಬೇಕು.

ಸ್ನೇಹವೆಂದರೇನೆಂದು ಕನ್ನಡದಲ್ಲಿ ಬಲ್ಲವನು ಪಂಪ. ದುರ್ಯೋಧನ ಕರ್ಣನಿಗೆ ಅಂಗರಾಜ್ಯ ಕೊಟ್ಟದ್ದು ಎಲ್ಲರಿಗೂ ಗೊತ್ತು. ಆದರೆ ಪಕ್ಷ ಬದಲಿಸಲು ಕರೆ ಬಂದಾಗ ಪಂಪನ ಕರ್ಣ ನೆನೆಯುವುದು ಒಂದು ಆಟದ ಗಳಿಗೆಯನ್ನು: ಭಾನುಮತಿ ನೆತ್ತದಲ್ಲಿ ಸೋತದ್ದು, ಪಣಕ್ಕಾಗಿ ಕಾಡಿದ್ದು, ಹಾರ ಹರಿದು ಮುತ್ತು ಚೆಲ್ಲಿದ್ದು, ರಾಜ ಕಿಂಚಿತ್ತೂ ಶಂಕೆಯಿಲ್ಲದೆ ಆಯ್ದುಕೊಡಬೇಕೆ ಎಂದು ಕೇಳಿದ್ದು. ಆಡುತ್ತಿದ್ದವರು ಯಾರು, ಹಾರ ಹಿಡಿದೆಳೆದವರು ಯಾರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ವಾಗ್ವಾದ ನಡೆದಿದೆ. ಯಾವ ಅನ್ವಯವನ್ನು ಒಪ್ಪಿದರೂ ಒಂದು ಸಂಗತಿ ಉಳಿಯುತ್ತದೆ: ಕುಲ ತಿಳಿಯದ ಹೊರಗಿನವನೊಬ್ಬ ಅಂತಃಪುರದ ಸಲುಗೆಗೆ ಸಾಕ್ಷಿಯಾಗಿದ್ದಾನೆ. ಅಂಗರಾಜ್ಯ ಉಪಕಾರ; ಚೆಲ್ಲಿದ ಮುತ್ತು ಸ್ನೇಹ. ಹೊರಗಿನವನಿಗೆ ರಾಜ್ಯ ಕೊಡುವುದು, ಇಂದಿನ ಮಾತಿನಲ್ಲಿ ವೀಸಾ, ಸಂಬಳ, ಸನ್ಮಾನ ಕೊಡುವುದು, ಕಷ್ಟವಲ್ಲ. ಅವನೆದುರು ಮನೆ ಅಸ್ತವ್ಯಸ್ತವಾಗಲು ಬಿಡುವುದು ಕಷ್ಟ.

ಈ ಭೇದವನ್ನು ಇಟ್ಟುಕೊಂಡು ಜಪಾನಿನ ಚರಿತ್ರೆಯನ್ನು ನೋಡಿದರೆ ಅಲ್ಲಿ ಅಂಗರಾಜ್ಯ ಪಡೆದವರೇ ಹೆಚ್ಚು. 1641ರಿಂದ ಎರಡು ಶತಮಾನಗಳಿಗೂ ಮಿಕ್ಕಿ ಡಚ್ ವರ್ತಕರನ್ನು ನಾಗಸಾಕಿಯ ದೆಜಿಮಾ ಎಂಬ ಕೃತಕ ನಡುಗಡ್ಡೆಯಲ್ಲಿ ಇರಿಸಲಾಗಿತ್ತು. ವ್ಯಾಪಾರ ಉಂಟು, ಊರೊಳಗೆ ಓಡಾಟವಿಲ್ಲ. ಮೆಯ್ಜಿ ಯುಗದಲ್ಲಿ ಬಾಗಿಲು ತೆರೆದಾಗ ಸರ್ಕಾರ ಪಾಶ್ಚಾತ್ಯ ಪ್ರಾಧ್ಯಾಪಕರು, ಎಂಜಿನಿಯರುಗಳನ್ನು ದೊಡ್ಡ ಸಂಬಳಕ್ಕೆ ಕರೆಸಿಕೊಂಡು, ಅವರ ವಿದ್ಯೆ ತಮ್ಮವರಿಗೆ ಬಂದೊಡನೆ ಗೌರವದಿಂದ ಬೀಳ್ಕೊಟ್ಟಿತು. ಇವರೆಲ್ಲರಿಗಿಂತ ಭಿನ್ನವಾದದ್ದು ಕೊರಿಯನ್ನರ ಸ್ಥಿತಿ. ವಸಾಹತುಕಾಲದಲ್ಲಿ ಬಂದು ಅಲ್ಲೇ ಉಳಿದವರು 1952ರಲ್ಲಿ ಜಪಾನೀ ಪೌರತ್ವ ಕಳೆದುಕೊಂಡರು. ಅವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಹುಟ್ಟಿ, ಆ ಭಾಷೆಯನ್ನೇ ಆಡಿ ಬೆಳೆದರೂ ಕಾಗದದ ಮೇಲೆ ವಿದೇಶೀಯರಾಗಿಯೇ ಉಳಿದರು. ಭಾಷೆ ಬಂದರೆ ಬಾಗಿಲು ತಾನಾಗಿ ತೆರೆಯುತ್ತದೆ ಎಂದು ನಂಬುವವರು, ನಾನೂ ಬಹುಮಟ್ಟಿಗೆ ಆ ಪಕ್ಷದವನೇ, ಈ ಉದಾಹರಣೆಯನ್ನು ಮರೆಯಬಾರದು.

ಇದಕ್ಕೆ ಎದುರಾಗಿ ನಿಲ್ಲುವುದು ಲಾಫ್ಕಾಡಿಯೊ ಹರ್ನ್ ಅವರ ಕಥೆ. 1890ರಲ್ಲಿ ಜಪಾನಿಗೆ ಬಂದ ಈ ಲೇಖಕ ಮತ್ಸುಎ ಊರಿನಲ್ಲಿ ಮೇಷ್ಟರಾಗಿ, ಕೊಯ್ಜುಮಿ ಸೆತ್ಸು ಎಂಬಾಕೆಯನ್ನು ಮದುವೆಯಾಗಿ, 1896ರಲ್ಲಿ ಕೊಯ್ಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಜಪಾನೀ ಪೌರರಾದರು. ಅವರ ಜಪಾನೀ ಭಾಷೆ ಕೊನೆಯವರೆಗೂ ಒಡಕಲೇ. ಸೆತ್ಸು ಅವರಿಗಾಗಿ ವಿಭಕ್ತಿ ಪ್ರತ್ಯಯಗಳನ್ನೂ ಕ್ರಿಯಾರೂಪಗಳನ್ನೂ ಸಡಿಲಿಸಿ, ಇಬ್ಬರಿಗೆ ಮಾತ್ರ ಅರ್ಥವಾಗುವ ಒಂದು ಮನೆಮಾತನ್ನು ಕಟ್ಟಿಕೊಂಡರು. ಆ ಮಾತಿನಲ್ಲಿಯೇ ಹಳೆಯ ದೆವ್ವದ ಕಥೆಗಳನ್ನು ಹೇಳಿದರು. 1904ರಲ್ಲಿ ಪ್ರಕಟವಾದ ‘ಕ್ವೈದಾನ್’ ಹಿಂದೆ ಈ ಒಡಕು ಭಾಷೆಯಿದೆ. ಅದೇ ವೇಳೆ ಸಂಸ್ಥೆಗಳ ಜಪಾನು ಏನು ಮಾಡಿತೆಂಬುದನ್ನೂ ನೋಡಿ: 1903ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಹುದ್ದೆ ಹರ್ನ್ ಅವರ ಕೈತಪ್ಪಿತು, ಅವರ ಜಾಗಕ್ಕೆ ಬಂದವರಲ್ಲಿ ಮುಂದೆ ಮಹಾಕಾದಂಬರಿಕಾರರಾದ ನತ್ಸುಮೆ ಸೋಸೆಕಿ ಒಬ್ಬರು. ವಿಶ್ವವಿದ್ಯಾಲಯಕ್ಕೆ ಹರ್ನ್ ಹೊರಗಿನವರು, ಅಡುಗೆಮನೆಗೆ ಒಳಗಿನವರು. ದೇಶವೊಂದು ಸ್ನೇಹಪರವೋ ಅಲ್ಲವೋ ಎಂಬ ಪ್ರಶ್ನೆಗೆ ಒಂದೇ ಉತ್ತರ ನಿರೀಕ್ಷಿಸುವವರಿಗೆ ಇದು ತೊಡಕಿನ ಕಥೆ.

ಇಂದಿನ ಜಪಾನು ಹೊರಗಿನವರಿಲ್ಲದೆ ನಡೆಯಲಾರದ ಸ್ಥಿತಿಗೆ ಬಂದಿದೆ. ಮುಪ್ಪಾಗುತ್ತಿರುವ, ಕುಗ್ಗುತ್ತಿರುವ ಜನಸಂಖ್ಯೆಯ ನಡುವೆ 2024ರ ಕೊನೆಗೆ ಅಲ್ಲಿ ನೆಲೆಸಿದ ವಿದೇಶೀಯರ ಸಂಖ್ಯೆ 37 ಲಕ್ಷ ದಾಟಿತ್ತು. ನಮ್ಮವರು ಹೆಚ್ಚಾಗಿ ಸೇರಿಕೊಂಡದ್ದು ಟೋಕಿಯೊದ ಪೂರ್ವಭಾಗದ ಎದೊಗಾವಾ ವಿಭಾಗದ ನಿಶಿಕಸಾಯ್ ಪ್ರದೇಶದಲ್ಲಿ. 2000ದ ಆಸುಪಾಸಿನಲ್ಲಿ ಕಂಪ್ಯೂಟರುಗಳ ‘ವೈ2ಕೆ’ ದುರಸ್ತಿಗಾಗಿ ಹೋದ ಎಂಜಿನಿಯರುಗಳಿಂದ ಬೆಳೆದ ನೆಲೆ ಅದು. ಜೈನರ ನೆಲೆ ಇನ್ನೂ ಹಳೆಯದು: ಮುತ್ತಿನ ವ್ಯಾಪಾರಕ್ಕೆಂದು ಕೋಬೆಗೆ ಹೋದ ಗುಜರಾತಿ ಕುಟುಂಬಗಳು 1985ರಲ್ಲಿ ಅಲ್ಲಿ ಮಹಾವೀರಸ್ವಾಮಿಯ ಶ್ವೇತಾಂಬರ ಬಸದಿಯನ್ನು ಕಟ್ಟಿಸಿದವು. (ಮುತ್ತಿನ ವ್ಯಾಪಾರವೂ ಅಹಿಂಸೆಯೂ ಒಂದೇ ಸೂರಿನಡಿ ಹೇಗಿರುತ್ತವೆ ಎಂಬುದು ಬೇರೊಂದು ಲೇಖನಕ್ಕೆ ವಿಷಯ.) ಬಸದಿಯಿರುವ ಕಿತಾನೊ ಪ್ರದೇಶ ಪ್ರಸಿದ್ಧವಾಗಿರುವುದು ‘ಇಜಿನ್‌ಕಾನ್’ಗಳಿಂದ, ಅಂದರೆ ಅನ್ಯಜನರ ಮನೆಗಳಿಂದ. ಮೆಯ್ಜಿ ಕಾಲದ ವಿದೇಶೀ ವರ್ತಕರು ಕಟ್ಟಿದ ಆ ಮನೆಗಳನ್ನು ಈಗ ಟಿಕೆಟ್ ಕೊಂಡು ನೋಡುತ್ತಾರೆ. ಅನ್ಯನು ಪ್ರೇಕ್ಷಣೀಯನಾಗುವುದೂ ಒಂದು ಬಗೆಯ ದೂರವೇ.

ಈ ಎಲ್ಲದರ ನಡುವೆ ಸ್ನೇಹ ಹುಟ್ಟುವುದೇ ಇಲ್ಲವೆ? ಹುಟ್ಟುತ್ತದೆ, ಆದರೆ ನಾವು ಹುಡುಕುವ ಕಡೆ ಅಲ್ಲ. ಅಲ್ಲಿ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನಿಷ್ಠಾವಂತ ಜೈನ ಕುಟುಂಬದವನು, ಬರೆದ ಸಂಗತಿ ಇದು. ಜಪಾನೀ ಅಡುಗೆಯ ಬಹುಪಾಲಿಗೆ ‘ದಾಶಿ’ ಎಂಬ ಮೀನಿನ ಕಟ್ಟು ಬೀಳುತ್ತದೆ. ಹಾಗಾಗಿ ಆರು ವರ್ಷ ಅವನು ಕಚೇರಿಯ ಯಾವ ಊಟಕ್ಕೂ ಹೋಗಲಿಲ್ಲ, ಸಹೋದ್ಯೋಗಿಗಳು ಸೌಜನ್ಯದಿಂದ ಕಾರಣ ಕೇಳಲಿಲ್ಲ. ಏಳನೆಯ ವರ್ಷ ಒಬ್ಬ ಸಹೋದ್ಯೋಗಿ ಅವನನ್ನು ಬೌದ್ಧ ದೇವಾಲಯವೊಂದರ ಊಟಕ್ಕೆ ಕರೆದೊಯ್ದ. ‘ಶೋಜಿನ್ ರ್ಯೋರಿ’ ಎಂಬ ಆ ಪಾಕಪದ್ಧತಿಯಲ್ಲಿ ಮೀನು ಮಾಂಸಗಳಿಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯ ಘಾಟು ಪದಾರ್ಥಗಳೂ ಇಲ್ಲ. ಸಾರಿಗೆ ಕಡಲಪಾಚಿಯ ಮತ್ತು ಅಣಬೆಯ ಕಟ್ಟು. ನಮ್ಮ ಹುಡುಗ ಅಣಬೆಯನ್ನು ಬದಿಗಿಟ್ಟ, ಮೂಲಂಗಿಯನ್ನೂ ಬದಿಗಿಟ್ಟ. ಆಗ ಆ ಜಪಾನೀಯ ಕೇಳಿದನಂತೆ: “ಮೂಲಂಗಿ ಕಿತ್ತರೆ ಗಿಡ ಸಾಯುತ್ತದೆ ಎನ್ನುತ್ತೀಯ. ಪಾಲಕ್ ಸೊಪ್ಪನ್ನು ಬೇರುಸಹಿತ ಕೀಳುವುದಿಲ್ಲವೆ?” ಅನಂತಕಾಯ ಜೀವಗಳ ಸಿದ್ಧಾಂತವನ್ನು ಒಡಕು ಜಪಾನೀ ಭಾಷೆಯಲ್ಲಿ ವಿವರಿಸಲು ಹೋಗಿ ಇವನಿಗೆ ಸಿಟ್ಟು ಬಂದು, ಇಬ್ಬರ ನಡುವೆ ಒಳ್ಳೆಯ ಜಗಳವೇ ಆಯಿತು. “ಸರ್, ಆರು ವರ್ಷದ ನಯವಾದ ನಗುವಿಗಿಂತ ಆ ಜಗಳ ವಾಸಿ” ಎಂದು ಬರೆದಿದ್ದಾನೆ. ಮುಂದಿನ ತಿಂಗಳು ಅವನನ್ನು ಮನೆಗೆ ಕರೆದವನೂ ಅದೇ ಮೂಲಂಗಿಯ ತಾರ್ಕಿಕ.

ಜಗಳವಾಡಬಲ್ಲ ಸ್ನೇಹಕ್ಕೆ ದೊಡ್ಡ ಉದಾಹರಣೆಯೂ ಚರಿತ್ರೆಯಲ್ಲಿದೆ. 1916ರಲ್ಲಿ ಜಪಾನಿಗೆ ಹೋದ ರವೀಂದ್ರನಾಥ ಠಾಕೂರರು ಅತಿಥಿಯಾಗಿದ್ದುಕೊಂಡೇ ಆತಿಥೇಯರ ರಾಷ್ಟ್ರವಾದವನ್ನು ಖಂಡಿಸಿದರು. ಎರಡು ದಶಕಗಳ ನಂತರ, 1938ರಲ್ಲಿ, ಕವಿ ಯೊನೆ ನೊಗುಚಿ ಚೀನಾದ ಮೇಲಿನ ಯುದ್ಧವನ್ನು ಸಮರ್ಥಿಸಿ ಪತ್ರ ಬರೆದಾಗ ಠಾಕೂರರು ಆ ಗೆಳೆಯನಿಗೆ ಕೊಟ್ಟ ಉತ್ತರ ಕಠೋರವಾದುದು. ಆ ಸಂಬಂಧ ಮುರಿಯಿತೆಂದು ವಿಷಾದಿಸುವವರಿದ್ದಾರೆ. ಅದು ಕೊನೆಗೂ ಸಂಬಂಧವೆಂಬ ಹೆಸರಿಗೆ ತಕ್ಕದ್ದಾಯಿತು ಎಂದು ನನ್ನ ಅಭಿಪ್ರಾಯ.

ಜಪಾನಿನೊಡನೆ ನಮ್ಮ ಮೈಸೂರಿನ ಸಂಬಂಧ ಬೇರೆಯ ಜಾಡಿನದು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಒಮ್ಮೆ, ದಿವಾನಗಿರಿಯಿಂದ ನಿವೃತ್ತರಾದ ಬಳಿಕ 1919ರಲ್ಲಿ ಇನ್ನೊಮ್ಮೆ ಜಪಾನಿಗೆ ಹೋಗಿ, ಅಲ್ಲಿಯ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಕಂಡು ಬಂದರು. ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕಥೆಯನ್ನು ಹೇಳುವವರೂ 1893ರಲ್ಲಿ ಯೊಕೊಹಾಮಾದಿಂದ ಹೊರಟ ಹಡಗಿನಲ್ಲಿ ಜಮ್‌ಷೆಟ್‌ಜಿ ಟಾಟಾ ಮತ್ತು ಸ್ವಾಮಿ ವಿವೇಕಾನಂದರು ಭೇಟಿಯಾದದ್ದನ್ನು ನೆನೆಯುತ್ತಾರೆ. ಹೀಗೆ ಜಪಾನು ನಮಗೆ ಮೊದಲಿನಿಂದಲೂ ‘ಮಾದರಿ’. ಮಾದರಿಯೊಡನೆ ಸ್ನೇಹ ಬೆಳೆಯುವುದಿಲ್ಲ. ಮಾದರಿಯನ್ನು ದೂರದಿಂದ ನೋಡಿ ಟಿಪ್ಪಣಿ ಬರೆದುಕೊಳ್ಳುತ್ತೇವೆ. 1997ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಯಾದ ಮೇಲೆ ಜಪಾನೀಯರು ಬೆಂಗಳೂರಿನ ನಿವಾಸಿಗಳಾಗಿ ಬರತೊಡಗಿದರು. ಮಾದರಿಯೇ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ಏನಾಗುತ್ತದೆ ಎಂಬುದು ಆಗ ಹುಟ್ಟಿದ ಪ್ರಶ್ನೆ.

ಮಲ್ಲೇಶ್ವರ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ತುಂಬಿಕೊಂಡ ಈ ಬಡಾವಣೆ ಹೊರಗಿನಿಂದ ಬಂದವರಿಂದಲೇ ಆದದ್ದು. ಕಾಡುಮಲ್ಲೇಶ್ವರನ ಗುಡಿಯೊಡನೆ ಮರಾಠ ದೊರೆ ಏಕೋಜಿಯ ಹೆಸರು ಸೇರಿಕೊಂಡಿದೆ. ತಮಿಳು ಅಯ್ಯಂಗಾರರು, ಕೊಂಕಣಿಗರು, ತೆಲುಗರು, ಕೆನರಾ ಜಿಲ್ಲೆಗಳವರು ಇಲ್ಲಿ ಅಕ್ಕಪಕ್ಕ ಬಾಳಿದ್ದಾರೆ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಕನ್ನಡ ಎಂಬುದು ಇಲ್ಲಿ ಸಹಜವಾಗಿತ್ತು. ಆದರೆ ಅವರೆಲ್ಲ ಕನ್ನಡ ಕಲಿತದ್ದು, ಕಲಿಯಲು ನಾವು ಅವರಿಗೆ ಬೇರೆ ದಾರಿ ಬಿಡದಿದ್ದುದರಿಂದ. ಇಂದು ಆ ದಾರಿಯನ್ನು ನಾವೇ ಇಂಗ್ಲಿಷಿನಿಂದ ಮುಚ್ಚಿದ್ದೇವೆ.

ಕೆಲವು ವರ್ಷಗಳ ಹಿಂದೆ ಇಲ್ಲಿಯೇ ಬಾಡಿಗೆಗಿದ್ದ ಜಪಾನೀ ಮಹಿಳೆಯೊಬ್ಬರು ಪರಿಚಿತರ ಮೂಲಕ ಬಂದು ವಾರಕ್ಕೆರಡು ದಿನ ನನ್ನಲ್ಲಿ ಕನ್ನಡ ಕಲಿತರು. ಅವರ ದೂರು ಒಂದೇ: ಕನ್ನಡದಲ್ಲಿ ಮಾತನಾಡಲು ಯಾರೂ ಬಿಡುವುದಿಲ್ಲ. ಎರಡು ಪದ ಆಡುವಷ್ಟರಲ್ಲಿ “ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ ಮೇಡಂ!” ಎಂಬ ಹೊಗಳಿಕೆ, ಅದರ ಹಿಂದೆಯೇ ಇಂಗ್ಲಿಷ್. ಜಪಾನಿನಲ್ಲಿರುವ ಪರದೇಶಿಗಳ ಅತಿ ಪ್ರಸಿದ್ಧ ಗೊಣಗಾಟವೂ ಇದೇ: ಒಂದು ‘ನಮಸ್ಕಾರ’ ಹೇಳಿದರೆ ಸಾಕು, “ನಿಮ್ಮ ಜಪಾನೀ ತುಂಬ ಚೆನ್ನಾಗಿದೆ” ಎಂಬ ಪ್ರಶಂಸೆ ಬರುತ್ತದೆ, ಸಂಭಾಷಣೆ ಅಲ್ಲಿಗೆ ಮುಗಿಯುತ್ತದೆ. ಹೊಗಳಿಕೆ ಎರಡೂ ಕಡೆ ಬಾಗಿಲು ಮುಚ್ಚುವ ನಯವಾದ ವಿಧಾನ. ಆ ಮಹಿಳೆಗೆ ನಿಜವಾಗಿ ಕನ್ನಡ ಕಲಿಸಿದವರು ಎಂಟನೆಯ ಅಡ್ಡರಸ್ತೆಯ ಹೂವಾಡಗಿತ್ತಿ. ಜಪಾನೀಯರ ನಾಲಗೆಗೆ ‘ರ’ ‘ಲ’ ‘ಳ’ಗಳ ಭೇದ ಸುಲಭವಲ್ಲ. ಇವರು ಒಂದು ಮೊಳ ಮಲ್ಲಿಗೆ ಕೇಳಲು ಹೋಗಿ “ಒಂದು ಮೊರ” ಎಂದಿದ್ದಾರೆ. ಆಕೆ ಬಿದ್ದು ಬಿದ್ದು ನಕ್ಕು, “ಒಂದು ಮೊರ ಹೂ ತಗೊಂಡು ಏನ್ ಮಾಡ್ತೀಯಮ್ಮಾ, ಮನೇಲಿ ಮದುವೆನಾ? ಮೊಳ ಅನ್ನು, ಮೊಳ. ಎಲ್ಲಿ, ಇನ್ನೊಂದ್ಸಲ?” ಎಂದು, ನಾಲಗೆ ಮಡಿಸಿ ತೋರಿಸಿ, ಸರಿಯಾಗುವವರೆಗೆ ಹೂ ಕೊಡಲಿಲ್ಲವಂತೆ. ಏಕವಚನ, ನಗೆ, ತಿದ್ದುಪಡಿ: ಸುಶಿಕ್ಷಿತರಾದ ನಾವು ಕೊಡಲು ಹಿಂಜರಿಯುವ ಮೂರನ್ನೂ ಆಕೆ ಒಂದೇ ಉಸಿರಿನಲ್ಲಿ ಕೊಟ್ಟಿದ್ದಳು. ‘ತೀರಿ’ಯಿಂದ ‘ತೀಯ’ಕ್ಕೆ ಇಳಿಯುವ ಆ ಪ್ರತ್ಯಯಭೇದದ ಬೆಲೆ ಜಪಾನೀಯರಿಗೆ ಚೆನ್ನಾಗಿ ತಿಳಿದಿರುತ್ತದೆ. ಅವ��ಲ್ಲೂ ಗೌರವರೂಪ ಕಳಚಿ ಬೀಳುವ ದಿನವೇ ಸ್ನೇಹದ ಮೊದಲ ದಿನ.

ಇಲ್ಲಿ ವಿದ್ವಾಂಸರಾದ ನಮ್ಮ ಬಗ್ಗೆಯೂ ಒಂದು ಮಾತು ಹೇಳಬೇಕು. ಹೊರಗಿನ ವಿದ್ವಾಂಸರನ್ನು ನಾವು ಗೌರವಿಸುವ ರೀತಿಯಲ್ಲೂ ಈ ಸೌಜನ್ಯದ ದೂರವಿದೆ. 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟ್ಟೆಲ್ ಅವರಿಗೆ ಬೆಂಗಳೂರಿನಲ್ಲಿ ಪ್ರತಿಮೆಯಿದೆ. ಆ ನಿಘಂಟಿನ ಅರ್ಥನಿರ್ಣಯಗಳೊಡನೆ ಇಂದು ಎಷ್ಟು ಜನ ಜಗಳವಾಡುತ್ತಾರೆ? ಇನ್ನೂ ಹಿಂದಿನ ಚಿತ್ರವೊಂದಿದೆ: 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಕರ್ನಲ್ ಕಾಲಿನ್ ಮೆಕೆಂಜಿಯ ವರ್ಣಚಿತ್ರ. ನಡುವೆ ಕೆಂಪಂಗಿಯ ಮೆಕೆಂಜಿ, ಸುತ್ತ ಮೂವರು ದೇಶೀಯರು, ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ. ತಾಳೆಗರಿ ಹಿಡಿದು ನಿಂತವರನ್ನು ಜೈನ ಪಂಡಿತ ಧರ್ಮಯ್ಯ ಎಂದು ಗುರುತಿಸಲಾಗಿದೆ. ಆಳುವವನ ಮತ್ತು ಅವನ ಸಂಬಳದ ಪಂಡಿತನ ನಡುವೆ ಸಮಾನತೆಯಿರಲಿಲ್ಲ ನಿಜ. ಆದರೂ ಶಾಸನ ಓದುವಾಗ ಧರ್ಮಯ್ಯನವರು ‘ಇದು ಹೀಗಲ್ಲ’ ಎಂದು ತಿದ್ದಲೇಬೇಕಾದ ಸಂದರ್ಭಗಳಿದ್ದವು. ಆ ಕೆಲಸದ ಸ್ವರೂಪವೇ ಅಂಥದು. ಇಂದಿನ ನಮ್ಮ ಅಂತರರಾಷ್ಟ್ರೀಯ ವಿಚಾರಸಂಕಿರಣಗಳಲ್ಲಿ ಅಷ್ಟೂ ಇಲ್ಲ. ಹಾರ ಹಾಕಿ, ಶಾಲು ಹೊದಿಸಿ, ಪ್ರಶ್ನೋತ್ತರಕ್ಕೆ ಸಮಯವಿಲ್ಲವೆಂದು ಊಟಕ್ಕೆ ಏಳುತ್ತೇವೆ.

ಜಪಾನಿನ ವಿದುಷಿ ಸುಜುಕೊ ಓಹಿರಾ ಅವರ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಹಮದಾಬಾದಿನ ಎಲ್.ಡಿ. ಇನ್‌ಸ್ಟಿಟ್ಯೂಟ್ 1982ರಲ್ಲಿ ಪ್ರಕಟಿಸಿದ ಅವರ ತತ್ತ್ವಾರ್ಥಸೂತ್ರದ ಅಧ್ಯಯನ, ಸೂತ್ರದ ಎರಡು ಪಾಠಗಳ ಸಂಬಂಧ, ಭಾಷ್ಯದ ಕರ್ತೃತ್ವ, ಕಾಲ ಇವುಗಳನ್ನು ಇಡಿಯಾಗಿ ಮರುಪರಿಶೀಲಿಸುತ್ತದೆ. ಅವರ ತೀರ್ಮಾನಗಳು ದಿಗಂಬರ ಪರಂಪರೆಗೆ ಒಪ್ಪಿಗೆಯಾಗುವಂಥವಲ್ಲ. ಶ್ರವಣಬೆಳಗೊಳದ ಶಾಸನಗಳು ಗೃಧ್ರಪಿಂಛ ಉಮಾಸ್ವಾತಿಯನ್ನು ಕುಂದಕುಂದಾನ್ವಯದಲ್ಲಿ ನಿಲ್ಲಿಸುವುದನ್ನು ಓದಿ ಬೆಳೆದ ನನಗೂ ಅವೆಲ್ಲ ಒಪ್ಪಿಗೆಯಿಲ್ಲ. ಆದರೆ ಕನ್ನಡದ ಜೈನ ಅಧ್ಯಯನಗಳಲ್ಲಿ ಈ ಕೃತಿಗೆ ಸಿಗಬೇಕಾದ ಗಂಭೀರ ಪ್ರತಿವಾದ ನನ್ನ ಕಣ್ಣಿಗೆ ಬಿದ್ದಿಲ್ಲ. ಜೈನಧರ್ಮವನ್ನು ಹೊಗಳಿದ ವಿದೇಶೀಯರ ಮಾತುಗಳನ್ನು ಮುನ್ನುಡಿಗಳಲ್ಲಿ ಸಾಲಾಗಿ ಜೋಡಿಸುವ ನಾವು, ನಮ್ಮ ಶಾಸ್ತ್ರದೊಳಗೆ ಬಂದು ಕುಳಿತು ನಮ್ಮೊಡನೆ ಭಿನ್ನಾಭಿಪ್ರಾಯ ತಾಳಿದವರನ್ನು “ಹೊರಗಿನವರಿಗೆ ಪರಂಪರೆ ತಿಳಿಯದು” ಎಂದು ಬದಿಗಿಡುತ್ತೇವೆ. ಇದು ಗಾಯ್ಜಿನ್ ಎನ್ನುವುದಕ್ಕಿಂತ ಹೇಗೆ ಮೇಲು?

ಕನ್ನಡ ಬಾರದ ವಲಸಿಗರ ಮೇಲೆ ಕೋಪಗೊಳ್ಳುವ ನಗರದಲ್ಲಿ ಕನ್ನಡ ಕಲಿಯಲು ಹೊರಟವರಿಗೆ ಕನ್ನಡದಲ್ಲಿ ಉತ್ತರ ಸಿಗದಿರುವುದು ವಿಪರ್ಯಾಸ. ನಮ್ಮ ವಿಭಾಗಗಳ ಪಠ್ಯಕ್ರಮಗಳಲ್ಲಿ ಷಟ್ಪದಿಯ ಲಕ್ಷಣಕ್ಕಿರುವ ಜಾಗದ ಹತ್ತರಲ್ಲೊಂದು ಪಾಲು, ಪರಭಾಷಿಕರಿಗೆ ಕನ್ನಡ ಕಲಿಸುವ ವಿದ್ಯೆಗೆ ಸಿಗಬೇಕು. ನಾನು ಛಂದಸ್ಸಿನ ವಿರೋಧಿಯಲ್ಲ. ಮೂವತ್ತು ವರ್ಷ ಅದನ್ನು ಕಲಿಸಿಯೇ ಅನ್ನ ತಿಂದಿದ್ದೇನೆ.

ಸಂಶೋಧನೆಗೆ ವಿಷಯ ಹುಡುಕುತ್ತಿರುವವರಿಗೆ ಇಲ್ಲೊಂದು ಯಾರೂ ಉಳದ ಹೊಲವೂ ಇದೆ. ವಾಹನ ತಯಾರಿಕೆಯ ಕಾರ್ಖಾನೆಗಳ ಮೂಲಕ ಕೈಜೆನ್, ಕಾನ್‌ಬಾನ್, ಗೆಂಬಾ, ಪೋಕಾ ಯೋಕೆ ಮುಂತಾದ ಜಪಾನೀ ಪದಗಳು ನಮ್ಮ ಕಾರ್ಮಿಕರ ಕನ್ನಡದೊಳಗೆ ಬಂದಿವೆ. “ನಮ್ಮ ಲೈನಿನಲ್ಲಿ ಕೈಜೆನ್ ಮಾಡಿದ್ವಿ” ಎಂಬ ವಾಕ್ಯಕ್ಕೆ ಅಲ್ಲಿ ಅನುವಾದ ಬೇಕಿಲ್ಲ. ಪದಗಳು ಬಂದ ದಾರಿಯಲ್ಲಿ ಮನುಷ್ಯರೂ ಬಂದರೆ, ತರಬೇತಿಗೆ ಬಂದ ಜಪಾನೀ ಮೇಸ್ತ್ರಿಯನ್ನು ರಾಮನಗರದ ಹುಡುಗರು ಏನೆಂದು ಕರೆದರು, ಊರಹಬ್ಬಕ್ಕೆ ಕರೆದೊಯ್ದರೆ, ಅವನು ಮುದ್ದೆ ನುಂಗಿದನೆ ಅಥವಾ ಅಗಿದನೆ, ಮರಳಿ ಹೋಗುವಾಗ ಯಾವ ಕನ್ನಡ ಬೈಗುಳವನ್ನು ಕಲಿತು ಹೋದ, ಇವನ್ನೆಲ್ಲ ಯಾರಾದರೂ ಕುಳಿತು ಬರೆದುಕೊಳ್ಳಬೇಕು. ಬಿಡದಿಯ ಮೊದಲ ತಂಡದಲ್ಲಿ ಕೆಲಸಕ್ಕೆ ಸೇರಿದ ಹುಡುಗರು ಈಗ ಐವತ್ತರ ಆಸುಪಾಸಿನವರು. ಕೇಳಿದರೆ ಹೇಳುತ್ತಾರೆ.